ನೋಡಿಕೋ ಎಂದು ಬಿಟ್ಟುಹೋದ ಕರಿಬೇವು

ಯೋಕೋಹಾಮಾದ ಕನ್ನಡಿಗರಲ್ಲಿ ಗಿಡವೊಂದು ಕೈ ಬದಲಾಯಿಸುವುದಕ್ಕೆ ಎರಡು ವಿಧಿಗಳಿವೆ. ಇವನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಯಾರೂ ಮೀರುವುದೂ ಇಲ್ಲ. ರಜೆಗೆಂದು ಊರಿಗೆ ಹೋಗುವವನು ಕುಂಡವನ್ನು ತಂದು ನಿಮ್ಮ ಬಾಗಿಲಲ್ಲಿ ಇಳಿಸಿ, "ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತಾನೆ. ಅದು ಒಪ್ಪಿಸುವ ವಿಧಿ. ಜಪಾನನ್ನೇ ಬಿಟ್ಟು ಹೋಗುವವನು ಇಡ್ಲಿ ತಟ್ಟೆ, ಉಳಿದ ತೊಗರಿಬೇಳೆ, ಮಗುವಿನ ಸೈಕಲ್ಲು ಎಲ್ಲವನ್ನೂ ಹಂಚಿ ಮುಗಿಸಿ, ಕಡೆಗೆ ಕುಂಡವನ್ನು ಎತ್ತಿ ನಿಮ್ಮ ಕೈಗೇ ಇಟ್ಟು, "ಇನ್ನು ಇದು ನಿಮ್ದು" ಎನ್ನುತ್ತಾನೆ. ಅದು ಕೊಡುವ ವಿಧಿ. ಒಪ್ಪಿಸಿದ ಗಿಡದಿಂದ ಒಗ್ಗರಣೆಗೆ ನಾಲ್ಕೆಲೆ ಕಿತ್ತುಕೊಳ್ಳಬಹುದು, ಅದರ ಕೊಂಬೆಗೆ ಕತ್ತರಿ ಹಾಕುವಂತಿಲ್ಲ. ಕೊಟ್ಟ ಗಿಡವನ್ನು ಬೇಕಾದರೆ ಬುಡದಿಂದ ಕಿತ್ತು ಎಸೆಯಬಹುದು, ಕೇಳುವವರಿಲ್ಲ.

ಈ ವ್ಯತ್ಯಾಸ ನನಗೆ ಗೊತ್ತಿತ್ತು. ನನ್ನ ಗೆಳೆಯನಿಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ಎಂಬುದೇ ನನ್ನ ದೂರು.

ಗೆಳೆಯ ಮೈಸೂರಿನವನು. ರೈಲು ನಿಲ್ದಾಣದ ಆಚೆ ಬದಿಯಲ್ಲಿ ಅವನ ಮನೆ, ಈಚೆ ಬದಿಯಲ್ಲಿ ನನ್ನದು. ಇಬ್ಬರ ಕಚೇರಿಗಳೂ ಟೋಕಿಯೋದ ಮಿನಾಟೋದಲ್ಲಿ. ಕಂಪನಿಗಳು ಬೇರೆ, ರೈಲು ಒಂದೇ. ಜಪಾನಿನ ಬೆಳಗಿನ ರೈಲಿನಲ್ಲಿ ಬಾಯಿಬಿಟ್ಟು ಮಾತಾಡುವುದು ಅಸಭ್ಯತೆ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ನಾವಿಬ್ಬರೂ ವರ್ಷಗಟ್ಟಲೆ ಪಿಸುಮಾತಿನಲ್ಲೇ ಕನ್ನಡ ಆಡಿದೆವು. ಪಿಸುಗುಟ್ಟಿದರೆ ಮೇಲಧಿಕಾರಿಯ ಮೇಲಿನ ಬೈಗುಳವೂ ಸಂಧ್ಯಾವಂದನೆಯ ಮಂತ್ರದಂತೆ ಕೇಳಿಸುತ್ತದೆ. ಪಕ್ಕದಲ್ಲಿ ನಿಂತ ಜಪಾನೀಯರು ನಮ್ಮನ್ನು ಬಹಳ ದೈವಭಕ್ತರೆಂದು ತಿಳಿದಿದ್ದರೆ ತಪ್ಪು ಅವರದಲ್ಲ. ಮನೆಯಲ್ಲಿ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು, ಕಚೇರಿಯಲ್ಲಿ ನಾನು ಮುರುಕು ಜಪಾನಿಯಲ್ಲಿ ಬಾಗುತ್ತಿದ್ದೆ. ದಿನದಲ್ಲಿ ಹೊಟ್ಟೆತುಂಬ ಕನ್ನಡ ಸಿಗುತ್ತಿದ್ದದ್ದು ಆ ರೈಲಿನಲ್ಲಿ, ಅವನ ಕಿವಿಯಲ್ಲಿ.

ಗುಡಾರದ ಯೋಚನೆಯೂ ಅವನದೇ. ಆ ಚಳಿಗಾಲಕ್ಕೆ ನಮ್ಮ ಕಟ್ಟಡದ ದೊಡ್ಡ ದುರಸ್ತಿ ಶುರುವಾಗುವುದಿತ್ತು. ಸುತ್ತ ಕಬ್ಬಿಣದ ಅಟ್ಟಣೆ ಕಟ್ಟಿ, ಬಲೆ ಹೊದಿಸಿ, ತಿಂಗಳುಗಟ್ಟಲೆ ಬಡಿಯುತ್ತಾರೆ. ಬಾಲ್ಕನಿಯಲ್ಲಿ ಒಂದು ಕಡ್ಡಿಯೂ ಇರಕೂಡದೆಂದು ಆಜ್ಞೆಯಾಯಿತು. ಕರಿಬೇವಿಗೆ ಇಲ್ಲಿನ ಚಳಿ ಮೊದಲೇ ಆಗದು, ಅವನ ಮನೆಯಲ್ಲಾದರೋ ಬಿಸಿಲೇ ಬೀಳದು.

"ಗ್ರೋ ಟೆಂಟ್ ಅಂತ ಸಿಗುತ್ತೆ ಗುರೂ," ಎಂದ ರೈಲಿನಲ್ಲಿ. "ಒಳಗಡೆ ಬೆಳ್ಳಿ ಥರ ಹೊಳೆಯೋ ಬಟ್ಟೆ, ಮೇಲೆ ಲೈಟು, ಪಕ್ಕದಲ್ಲಿ ಫ್ಯಾನು. ನಿಮ್ಮನೇಲಿ ಹಾಕೋಣ. ಎರಡೂ ಮನೆ ಗಿಡ ಒಟ್ಟಿಗೆ ಇರ್ಲಿ."

"ನಮ್ಮನೇಲೇ ಯಾಕೆ?"

"ನಿಮ್ಮನೇಲಿ ಜಪಾನಿ ಚಾಪೆ ರೂಮಿದೆ. ಅಲ್ಲಿ ನೀನು ಮಾಡೋದಾದ್ರೂ ಏನು? ಮಲಗಿ ಸೀಲಿಂಗ್ ನೋಡ್ತೀಯ."

ಮಾತಿನಲ್ಲಿ ಸತ್ಯವಿತ್ತು. ಒಂದು ಭಾನುವಾರ ಇಬ್ಬರೂ ಸೇರಿ ಗುಡಾರ ಎತ್ತಿದೆವು. ಜಪಾನಿ ಭಾಷೆಯ ಸೂಚನೆಗಳನ್ನು ಓದದೆ, ಚಿತ್ರಗಳನ್ನು ನೋಡಿ ಭಿನ್ನಾಭಿಪ್ರಾಯ ತಾಳಿ ಕಟ್ಟಿದೆವು. ಕಡೆಗೆ ಒಂದು ಕೊಳವೆ ಉಳಿಯಿತು. ಅದು ಏಕೆ ಉಳಿಯಿತೆಂದು ಇಂದಿಗೂ ತಿಳಿದಿಲ್ಲ. ಗುಡಾರ ಬೀಳಲಿಲ್ಲವಾದ್ದರಿಂದ ಅದು ಅನವಶ್ಯಕವಾಗಿತ್ತೆಂದು ತೀರ್ಮಾನಿಸಿದೆವು.

ಒಳಗೆ ಮೊದಲ ಸ್ಥಾನ ನಮ್ಮ ಮನೆಯ ದೊಡ್ಡ ಗಿಡಕ್ಕೆ. ನಾನು ಈ ದೇಶಕ್ಕೆ ಬಂದ ವರ್ಷ, ಜಪಾನ್ ಬಿಟ್ಟು ಹೊರಟ ಒಂದು ಕುಟುಂಬ ಅದನ್ನು ನನ್ನ ಕೈಗೆ ಇಟ್ಟಿತ್ತು. ಅವರಿಗೆ ಅದಕ್ಕೂ ಹಿಂದೆ ಹೋದವರು ಯಾರೋ ಕೊಟ್ಟದ್ದು. ಅದರ ಬುಡದಿಂದ ಎದ್ದ ಮರಿಗಳನ್ನು ನಾನು ಬೇರೆ ಕುಂಡಗಳಿಗೆ ಹಾಕಿ, "ಇನ್ನು ಇವು ನಿನ್ನವು" ಎಂದು ಶಾಸ್ತ್ರೋಕ್ತವಾಗಿ ಗೆಳೆಯನಿಗೆ ಕೊಟ್ಟಿದ್ದೆ. ಐದು ಮರಿಗಳೂ ಈಗ ಎದೆಯುದ್ದ ಬೆಳೆದು ತಾಯಿಯ ಸುತ್ತ ಬಂದು ನಿಂತವು. ಮೂಲೆಯಲ್ಲಿ ಹೆಂಡತಿಯ ತುಳಸಿ. ನಾಲ್ಕು ಕುಂಡಕ್ಕೆಂದು ಮಾಡಿದ ಗುಡಾರಕ್ಕೆ ಏಳು ಹೊಕ್ಕವು.

ಪ್ರತಿದಿನ ಬೆಳಿಗ್ಗೆ ಹೆಂಡತಿ ಗುಡಾರದ ಜಿಪ್ಪು ಎಳೆದು, ನೇರಳೆ ಬೆಳಕಿನ ಗರ್ಭಗುಡಿಯಲ್ಲಿದ್ದ ತುಳಸಿಗೆ ಆರತಿ ಎತ್ತುತ್ತಿದ್ದಳು. ಫ್ಯಾನಿನ ಗಾಳಿಗೆ ದೀಪ ಆರುತ್ತಿತ್ತು. ಆದ್ದರಿಂದ ಆರತಿಯ ಹೊತ್ತಿಗೆ ಫ್ಯಾನು ನಿಲ್ಲಿಸುವ ಹೊಣೆ ನನ್ನದಾಯಿತು. ಮಗಳು ಇದನ್ನು ನೋಡಿ, ತನ್ನ ಶಾಲೆಯ ಯಾರಿಗೂ ಈ ವಿಷಯ ತಿಳಿಯಬಾರದೆಂದು ಎರಡು ಭಾಷೆಗಳಲ್ಲಿ ಕೇಳಿಕೊಂಡಳು.

ಫೆಬ್ರವರಿಯಲ್ಲಿ ಗೆಳೆಯ ಸಂಸಾರ ಸಮೇತ ಮೈಸೂರಿಗೆ ಹೊರಟ. ಮಾವನ ಅರವತ್ತರ ಶಾಂತಿ.

"ಮೂರು ವಾರ ಅಷ್ಟೇ ಕಣೋ," ಎಂದ ನಮ್ಮ ಬಾಗಿಲಲ್ಲಿ ನಿಂತು. "ನನ್ನ ಗಿಡಗಳನ್ನ ನೋಡ್ಕೋ. ಕಡಿಯೋದು ಗಿಡಿಯೋದು ಮಾಡ್ಬೇಡ ಮತ್ತೆ. ನಿನ್ನ ಕೈಗೆ ಕತ್ತರಿ ಸಿಕ್ರೆ ಕ್ಷೌರಿಕನ ಥರ ಆಡ್ತೀಯ."

"ನಿನ್ನ ತಲೇಲಿ ಕೂದ್ಲಿಲ್ಲ ಅಂತ ನಿನಗೆ ಹೊಟ್ಟೆಕಿಚ್ಚು."

ನಕ್ಕ. ನಂತರ ಒಂದು ಭಾರವಾದ ಪೆಟ್ಟಿಗೆಯನ್ನು ಒಳಗೆ ಎಳೆದುಕೊಂಡು ಬಂದ. ಅವನ ಟ್ರಾನ್ಸ್‌ಫಾರ್ಮರ್. ಜಪಾನಿನ ಗೋಡೆಯಲ್ಲಿ ಬರುವ ಕರೆಂಟು ಬಹಳ ಸೌಮ್ಯ ಸ್ವಭಾವದ್ದು, ನೂರೇ ವೋಲ್ಟು. ನಮ್ಮ ಮಿಕ್ಸಿಗಳು ಅದಕ್ಕೆ ಬಗ್ಗುವುದಿಲ್ಲ. ಚಟ್ನಿ ಬೇಕೆನ್ನುವವನು ನಡುವೆ ಈ ಕಬ್ಬಿಣದ ಗಣಪತಿಯನ್ನು ಕೂರಿಸಲೇಬೇಕು.

"ಮಿಕ್ಸಿ ರಿಪೇರಿಗೆ ಮೈಸೂರಿಗೆ ತಗೊಂಡು ಹೋಗ್ತಿದೀನಿ," ಎಂದ. "ಇಲ್ಲಿ ಯಾವನು ಮಾಡ್ತಾನೆ? ಇದು ನಿಮ್ಮನೇಲಿರ್ಲಿ. ಬಂದು ತಗೋತೀನಿ."

ಅವನನ್ನು ಏರ್‌ಪೋರ್ಟ್ ಬಸ್ಸಿಗೆ ಹತ್ತಿಸಿ ಬಂದ ಮೇಲೆ ನಾನು ಹೆಂಡತಿಗೆ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಟ್ರಾನ್ಸ್‌ಫಾರ್ಮರ್ ಬಿಟ್ಟು ಹೋಗಿದಾನೆ ಅಂದ್ರೆ ವಾಪಸ್ ಬರೋದು ಗ್ಯಾರಂಟಿ." ಅವಳು ಅನ್ನಕ್ಕೆ ಇಡಲು ಒಳಗೆ ಹೋದಳು.

ಎಂಜಿನಿಯರಿಂಗ್ ಓದಿದ ಮನುಷ್ಯ ನಾನು. ಟ್ರಾನ್ಸ್‌ಫಾರ್ಮರ್ ಬೇಕಾಗುವುದು ಜಪಾನಿನಲ್ಲಿ ಮಾತ್ರ, ಮೈಸೂರಿನಲ್ಲಿ ಅದು ಬಾಗಿಲಿಗೆ ಅಡ್ಡ ಇಡುವುದಕ್ಕಷ್ಟೇ ಲಾಯಕ್ಕು ಎಂಬ ಸರಳ ಸಂಗತಿ ಆಗ ನನ್ನ ತಲೆಯನ್ನು ಪ್ರವೇಶಿಸಲಿಲ್ಲ. ಮಿಕ್ಸಿ ಹೋಯಿತು, ಟ್ರಾನ್ಸ್‌ಫಾರ್ಮರ್ ಉಳಿಯಿತು. ನಾನು ಉಳಿದದ್ದನ್ನು ನೋಡಿ ಸಮಾಧಾನಪಟ್ಟೆ.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಕೊರೊನಾ ಬಂದು ವಿಮಾನಗಳು ನಿಂತವು. ಹೊರಗೆ ಹೋದ ವಿದೇಶಿಯರು ಮರಳಿ ಬರುವಂತಿಲ್ಲ ಎಂದು ಜಪಾನ್ ಬಾಗಿಲು ಹಾಕಿತು. ಗೆಳೆಯ ಆ ಕಡೆ ಸಿಕ್ಕಿಕೊಂಡ, ಅವನ ಗಿಡಗಳು ಈ ಕಡೆ. ಕಚೇರಿ ನನ್ನ ಚಾಪೆ ಕೋಣೆಗೇ ಬಂದಿತು. ಗುಡಾರಕ್ಕೆ ಬೆನ್ನು ಹಾಕಿ ಕುಳಿತು ದಿನವಿಡೀ ಪರದೆಯ ಮೇಲಿನ ಮುಖಗಳಿಗೆ ಬಾಗತೊಡಗಿದೆ. ನನ್ನ ಹಿಂದೆ ಜಿಪ್ಪಿನ ಸಂದಿಯಿಂದ ನೇರಳೆ ಬೆಳಕು ಸೋರುತ್ತಿತ್ತು. ಒಂದು ಮೀಟಿಂಗಿನ ಕೊನೆಗೆ ನಮ್ಮ ವಿಭಾಗದ ಮುಖ್ಯಸ್ಥರು ಬಹಳ ಹಿಂಜರಿದು, ನಮ್ಮ ಮನೆಯಲ್ಲಿ ಯಾರಾದರೂ ಬಾರ್ ತೆರೆದಿದ್ದಾರೆಯೇ ಎಂದು ಕೇಳಿದರು.

ಬೆಳಕು ಸದಾ ಉರಿಯುತ್ತಿತ್ತು, ನಾನು ಸದಾ ಮನೆಯಲ್ಲಿದ್ದೆ, ನೀರು ಹಾಕುವುದು ಬಿಟ್ಟರೆ ಬೇರೆ ಮನರಂಜನೆಯಿರಲಿಲ್ಲ. ಗಿಡಗಳು ಕೊಬ್ಬಿದವು. ಒಂದರ ಕೊಂಬೆ ಇನ್ನೊಂದರ ಎದೆಗೆ ಚುಚ್ಚಿತು. ಮೇಲಿನ ಎಲೆಗಳು ದೀಪಕ್ಕೆ ತಾಗಿ ಸುಟ್ಟವು, ಕೆಳಗಿನವು ಕತ್ತಲಲ್ಲಿ ಹಳದಿಯಾಗಿ ಉದುರಿದವು. ಬೆಳಗಿನ ರೈಲಿನಲ್ಲಿ ನಾನು ಬಿಟ್ಟು ಬಂದ ನೂಕುನುಗ್ಗಲು ಇದೇ ಗುಡಾರಕ್ಕೆ ಬಂದು ಸೇರಿದೆಯೇನೋ ಅನ್ನಿಸಿತು.

ಉಪಾಯಕ್ಕಾಗಿ ಇಂಟರ್ನೆಟ್ಟಿನ ಮೊರೆಹೊಕ್ಕೆ. ಗುಡಾರದಲ್ಲಿ ಗಿಡ ಕಿಕ್ಕಿರಿದರೆ ಏನು ಮಾಡಬೇಕೆಂದು ಬಲ್ಲವರು ಲೋಕದಲ್ಲಿ ಒಂದೇ ಪಂಗಡದವರು: ಗಾಂಜಾ ಬೆಳೆಯುವವರು. ಕರಿಬೇವಿನ ಬಗ್ಗೆ ಯಾರೂ ಚಕಾರವೆತ್ತಿಲ್ಲ. ಗಾಂಜಾದ ಬಗ್ಗೆ, ಅದಕ್ಕೆ ಕಾನೂನಿನ ಅಡ್ಡಿಯಿಲ್ಲದ ದೇಶಗಳಲ್ಲಿ ಕುಳಿತು, ಬೃಹತ್ ಭಾಷ್ಯಗಳನ್ನೇ ರಚಿಸಿದ್ದಾರೆ. ಜಪಾನಿನಲ್ಲಾದರೋ ಆ ಗಿಡದ ಹೆಸರೆತ್ತಿದರೂ ಬಾಯಿ ಮುಕ್ಕಳಿಸಬೇಕು. ಈರುಳ್ಳಿಯನ್ನು ಕೂಡ ಏಕಾದಶಿಯಂದು ಮುಟ್ಟದ ನಾನು, ಇಯರ್‌ಫೋನು ಸಿಕ್ಕಿಸಿಕೊಂಡು, ಎದೆಯವರೆಗೆ ಗಡ್ಡ ಬಿಟ್ಟ ಒಬ್ಬ ಮಹನೀಯರ ಪದತಲದಲ್ಲಿ ವಿದ್ಯಾಭ್ಯಾಸಕ್ಕೆ ಕುಳಿತೆ.

ಗಡ್ಡದ ಗುರುಗಳ ಬೋಧನೆ ಗಂಭೀರವಾಗಿತ್ತು. ಕೊಂಬೆಯನ್ನು ಕತ್ತರಿಸುವ ಮುನ್ನ ಬಾಗಿಸಿ, ಮೃದುವಾದ ದಾರದಿಂದ ಕುಂಡದ ಅಂಚಿಗೆ ಕಟ್ಟಿ. ಎಲ್ಲ ತಲೆಗಳೂ ಒಂದೇ ಎತ್ತರದಲ್ಲಿರಲಿ. ಬೆಳಕು ಕಾಣದ ಕೆಳಗಿನ ಎಲೆಗಳನ್ನು ತೆಗೆದುಬಿಡಿ, ಗಾಳಿ ಆಡಲಿ. ನಡುವಿನ ಕುಡಿಯ ತಲೆ ಚಿವುಟಿದರೆ ಎರಡು ತಲೆ ಬರುತ್ತವೆ. ಇಷ್ಟಾದರೂ ಜಾಗ ಸಾಲದಿದ್ದರೆ, ಹೀಗೆನ್ನುವಾಗ ಅವರು ಕ್ಯಾಮೆರಾವನ್ನು ದಿಟ್ಟಿಸುತ್ತಿದ್ದರು, ಯಾವುದಾದರೂ ಒಂದು ಹೋಗಬೇಕು. ಅವರು ತಮ್ಮ ಗಿಡಗಳನ್ನು ಹೆಣ್ಣುಮಕ್ಕಳೆಂದೇ ಕರೆಯುತ್ತಿದ್ದರು. ಆ ಚಾಳಿ ನನಗೂ ಅಂಟಿತು.

"ಇವತ್ತು ಹುಡುಗೀರು ತುಂಬಾ ಒತ್ತಿಕೊಂಡಿದಾರೆ," ಎಂದೆ ಒಂದು ದಿನ ಕಾಫಿ ಕುಡಿಯುತ್ತ.

"ಯಾವ ಹುಡುಗೀರು ರೀ?" ಎಂದಳು ಹೆಂಡತಿ, ಲೋಟ ಕೆಳಗಿಟ್ಟು.

ವಿವರಣೆಯ ಸಲುವಾಗಿ ಗುರುಗಳನ್ನೇ ತೋರಿಸಬೇಕಾಯಿತು. ಅವಳು ಸ್ವಲ್ಪ ಹೊತ್ತು ನೋಡಿ, "ಗಡ್ಡಕ್ಕೆ ಮೊದ್ಲು ಕತ್ತರಿ ಹಾಕ್ಕೊಳ್ಳೋಕೆ ಹೇಳಿ," ಎಂದು ಎದ್ದು ಹೋದಳು. ತುಳಸಿಗೆ ಮಾತ್ರ ಈ ವಿದ್ಯೆ ಪ್ರಯೋಗಿಸಕೂಡದೆಂದು ಅಡುಗೆಮನೆಯಿಂದ ಆಜ್ಞೆ ಬಂದಿತು. ಮಂಗಳವಾರ, ಶುಕ್ರವಾರ, ಭಾನುವಾರ, ದ್ವಾದಶಿಗಳಂದು ಮುಟ್ಟುವಂತೆಯೇ ಇಲ್ಲ. ಉಳಿದ ದಿನ ಮುಟ್ಟಿದರೂ ಕ್ಷಮೆ ಕೇಳಬೇಕು. ಗುರುಗಳ ಶಾಸ್ತ್ರದಲ್ಲಿ ದ್ವಾದಶಿಯ ಪ್ರಸ್ತಾಪವಿರಲಿಲ್ಲ.

ಪೊಲೀಸರು ಬಂದರೇ ಎಂದು ನೀವು ಕೇಳಬಹುದು. ಬರಲಿಲ್ಲ. ಕಟ್ಟಡದ ಮೇಲ್ವಿಚಾರಕರು ಮಾತ್ರ ಒಮ್ಮೆ ಕಿಟಕಿಯ ಬೆಳಕಿನ ಬಗ್ಗೆ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಬಂದರು. ಒಂದು ಎಲೆ ಕಿವುಚಿ ಅವರ ಮಾಸ್ಕಿನ ಬಳಿ ಹಿಡಿದೆ. "ಕರೇ!" ಎಂದು ಹಿಗ್ಗಿದರು, ತಮ್ಮೂರಿನ ಕರಿ ಸಾರಿನ ವಾಸನೆ ಬಂದದ್ದಕ್ಕೆ. ಎರಡು ಕಡ್ಡಿ ಕೊಟ್ಟು ಕಳಿಸಿದೆ. ಆ ಅಧ್ಯಾಯ ಅಲ್ಲಿಗೆ ಮುಗಿಯಿತು. ನನಗೆ ಕೆಡುಕಾದದ್ದು ಜಪಾನ್ ಸರ್ಕಾರದಿಂದಲ್ಲ.

ಗೆಳೆಯ ವಾರಕ್ಕೊಮ್ಮೆ ಕರೆ ಮಾಡುತ್ತಿದ್ದ. ಯಾವಾಗಲೂ ಒಂದೇ ಬಿಳಿ ಗೋಡೆಯ ಮುಂದೆ ಕುಳಿತಿರುತ್ತಿದ್ದ. ಮಾವನ ಮನೆಯ ಗೋಡೆ ಎನ್ನುತ್ತಿದ್ದ. ನಾನು ಫೋನನ್ನು ಗುಡಾರದೊಳಗೆ ಹಿಡಿದು ಒಂದೊಂದೇ ಗಿಡ ತೋರಿಸುತ್ತಿದ್ದೆ.

"ಆಹಾ, ಮೂರನೇದು ನೋಡು ಹೇಗೆ ಬಂದಿದೆ! ಯಾವಾಗ ಬಂದು ನೋಡ್ತೀನೋ."

"ಬಾರ್ಡರ್ ತೆಗೆದ ತಕ್ಷಣ ಬಾ. ರೈಲು ಖಾಲಿ ಹೊಡೀತಿದೆ. ಇಬ್ಬರಿಗೂ ಸೀಟು ಸಿಗುತ್ತೆ."

"ಬರದೆ ಏನು? ಟ್ರಾನ್ಸ್‌ಫಾರ್ಮರ್ ಅಲ್ಲೇ ಇದ್ಯಲ್ಲ," ಎಂದು ನಗುತ್ತಿದ್ದ.

ಜೂನಿನಲ್ಲಿ ಮಳೆಯ ತಿಂಗಳು ಹಿಡಿಯಿತು. ಹೊರಗೆ ಕಟ್ಟಡದ ಬಲೆ ಇನ್ನೂ ಇಳಿದಿರಲಿಲ್ಲ, ಕಿಟಕಿ ತೆರೆದರೆ ಬಣ್ಣದ ವಾಸನೆ, ಮುಚ್ಚಿದರೆ ಗುಡಾರದೊಳಗೆ ಹಬೆ. ಎಲೆಗಳ ಹಿಂದೆ ಕಂಡೂ ಕಾಣದಷ್ಟು ಸಣ್ಣ ಕೆಂಪು ನುಸಿ ಸೇರಿ ಜೇಡನಂತೆ ನೂಲು ನೇಯತೊಡಗಿತು. ಬೇವಿನೆಣ್ಣೆ ಹೊಡೆದೆ, ನೀರಿನಲ್ಲಿ ತೊಳೆದೆ, ದಾರ ಕಟ್ಟಿ ಬಾಗಿಸಬಹುದಾದ್ದನ್ನೆಲ್ಲ ಬಾಗಿಸಿದೆ. ಗುಡಾರದ ಒಳಗು ಮಗ್ಗದಂತೆ ಕಾಣುತ್ತಿತ್ತು. ಗಾಳಿಯಾಡಲು ಒಂದು ಗೇಣು ಜಾಗವಿರಲಿಲ್ಲ. ಬಲೆ ಹೊದ್ದ ಮನೆಯಲ್ಲಿ ಗುಡಾರದಾಚೆ ಬೆಳಕಿಲ್ಲ, ನುಸಿ ಹತ್ತಿದ ಗಿಡವನ್ನು ಇನ್ನೊಬ್ಬರ ಮನೆಗೆ ಕಳಿಸುವಂತೆಯೂ ಇಲ್ಲ. ಗುರುಗಳ ಕೊನೆಯ ಸೂತ್ರಕ್ಕೇ ಬಂದು ನಿಂತೆ: ಒಂದು ಹೋಗಬೇಕು, ಇಲ್ಲವೇ ಎಲ್ಲವೂ ಹೋಗುತ್ತವೆ.

ಗೆಳೆಯನಿಗೆ ಫೋನು ಮಾಡಿದೆ.

"ನಿನ್ನ ಐದರಲ್ಲಿ ಎರಡು ತೆಗೆದ್ರೆ ಉಳಿದವು ಬದುಕ್ತವೆ ಕಣೋ. ಇಲ್ಲಾಂದ್ರೆ ಒಂದೂ ಉಳಿಯಲ್ಲ. ತೆಗೀಲಾ?"

ಗೋಡೆಯ ಮುಂದಿನ ಮುಖ ಫೋನಿನಿಂದ ಪಕ್ಕಕ್ಕೆ ತಿರುಗಿತು.

"ಬೇಡ ಮಾರಾಯ. ಬಂದಾಗ ನಾನೇ ಏನಾದ್ರೂ ಮಾಡ್ತೀನಿ. ನಾನಿಲ್ದಾಗ ಕಡಿದ್ರೆ ಮನಸ್ಸಿಗೆ ಒಂಥರಾ ಆಗುತ್ತೆ."

"ಹಾಗಾದ್ರೆ?"

"ನಿಂದು ದೊಡ್ಡದು ಇದ್ಯಲ್ಲ, ಅದೇ ಅರ್ಧ ಗುಡಾರ ತಿಂದಿರೋದು. ಅದಕ್ಕೆ ವಯಸ್ಸೂ ಆಯ್ತು."

ನಾನು ಆಗಲಿ ಎಂದೆ. ಏಕೆಂದರೆ ಅವು ಒಪ್ಪಿಸಿದ ಗಿಡಗಳು. ಅವನು ಬಂದು ಬಾಗಿಲಲ್ಲಿ ನಿಂತಾಗ ಐದನ್ನೂ ಎಣಿಸಿ ಒಪ್ಪಿಸಬೇಕು. ಆಮೇಲೆ ಮತ್ತೆ ರೈಲು, ಮತ್ತೆ ಪಿಸುಮಾತು. ಆ ತಿಂಗಳುಗಳಲ್ಲಿ ನನ್ನ ಲೆಕ್ಕಾಚಾರವೆಲ್ಲ ಇಷ್ಟೇ ಆಗಿತ್ತು. ಗಿಡ ಉಳಿದರೆ ಅವನು ಬರುತ್ತಾನೆ ಎಂಬ ಮಟ್ಟಕ್ಕೆ ಬುದ್ಧಿ ಇಳಿದಿತ್ತು.

ದೊಡ್ಡ ಗಿಡವನ್ನು ಬಚ್ಚಲುಮನೆಗೆ ಹೊತ್ತು, ಕೈಗರಗಸದಿಂದ ಬುಡ ಕೊಯ್ದೆ. ಕಾಂಡ ನನ್ನ ಮುಂಗೈಯಷ್ಟು ದಪ್ಪವಿತ್ತು. ಕೊಯ್ದ ಕಡೆ ಒಳಗೆಲ್ಲ ಹಸಿಹಸಿ ಬಿಳುಪು. ವಯಸ್ಸಾಗಿದ್ದ ಲಕ್ಷಣ ನನಗೆ ಕಾಣಲಿಲ್ಲ. ಮನೆಯೆಲ್ಲ ಎಂಥ ಘಮ ಹರಡಿತೆಂದರೆ, ಆನ್‌ಲೈನ್ ಪಾಠದಲ್ಲಿದ್ದ ಮಗಳು ಬಂದು, "ಅಪ್ಪಾ, ಲಂಚ್ ರೆಡೀನಾ?" ಎಂದಳು. ಇಲ್ಲಿನ ಕಸದ ನಿಯಮದ ಪ್ರಕಾರ ಕೊಂಬೆಗಳನ್ನು ಮೊಳದುದ್ದಕ್ಕೆ ತುಂಡರಿಸಿ, ದಾರ ಸುತ್ತಿ, ಕಟ್ಟಿಗೆ ಹೊರೆಯಂತೆ ಮಾಡಿ ಇಟ್ಟೆ.

ಎಲೆಗಳನ್ನು ಚೀಲಚೀಲವಾಗಿ ತುಂಬಿ ಬಾಗಿಲ ಹಿಡಿಕೆಗೆ ನೇತುಹಾಕಿ, ಸುತ್ತಲಿನ ಕನ್ನಡಿಗರಿಗೆ ಸುದ್ದಿ ಮುಟ್ಟಿಸಿದೆ. ಆಗ ಭೇಟಿಯೆಂದರೆ ಅಷ್ಟೇ. ಅವರು ಬಂದು ಚೀಲ ಬಿಚ್ಚಿಕೊಳ್ಳುವುದು, ನಾನು ಎರಡು ಮಾರು ದೂರ ನಿಂತು ಕೈ ಬೀಸುವುದು. "ಈ ಸಲ ಭಾರಿ ಕೊಟ್ಟಿದೀರಿ ಸಾರ್! ಪುಡಿಗೇ ಆಗುತ್ತೆ," ಎಂದರು ಸಂತೋಷದಿಂದ. ಅದು ತಿಥಿಯೂಟವೆಂದು ನಾನು ಹೇಳಲಿಲ್ಲ. ಅವರಲ್ಲೊಬ್ಬ, ಗೆಳೆಯನ ಕಂಪನಿಯಲ್ಲೇ ಇದ್ದವನು, ಕಾರಣ ಕೇಳಿದ. ಹೇಳಿದೆ.

"ಅಯ್ಯೋ, ಅವರದ್ದನ್ನೇ ಕಡೀಬಹುದಿತ್ತಲ್ಲ ಸಾರ್. ಅವರು ಹೇಗಿದ್ರೂ..." ಎಂದವನು ಅಲ್ಲಿಗೆ ನಿಲ್ಲಿಸಿ, ಮಾಸ್ಕನ್ನು ಮೂಗಿನ ಮೇಲೆ ಎಳೆದುಕೊಂಡ.

"ಹೇಗಿದ್ರೂ ಏನು?"

"ಹೇಗಿದ್ರೂ ದೂರ ಇದಾರಲ್ಲ, ಗೊತ್ತಾಗ್ತಿರ್ಲಿಲ್ಲ ಅಂದೆ. ಬರ್ತೀನಿ ಸಾರ್." ಲಿಫ್ಟಿಗೂ ಕಾಯದೆ ಮೆಟ್ಟಿಲಲ್ಲಿ ಇಳಿದುಹೋದ. ವ್ಯಾಯಾಮಪ್ರಿಯ ಎಂದುಕೊಂಡೆ.

ಐದು ಮರಿಗಳು ಬದುಕಿದವು. ತಾಯಿ ಬಿಟ್ಟ ಜಾಗದಲ್ಲಿ ಕೈಕಾಲು ಚಾಚಿ, ನುಸಿ ನೀಗಿಕೊಂಡು, ಆಗಸ್ಟಿನ ಹೊತ್ತಿಗೆ ಹೊಳೆಯುತ್ತಿದ್ದವು. ಶರತ್ಕಾಲದಲ್ಲಿ ಕಟ್ಟಡದ ಬಲೆ ಇಳಿಯಿತು. ಇಲ್ಲಿನ ನಿವಾಸಿಗಳು ಪರೀಕ್ಷೆ ಮಾಡಿಸಿಕೊಂಡು ಮರಳಬಹುದೆಂದು ಜಪಾನ್ ಒಪ್ಪಿತು. ಒಬ್ಬೊಬ್ಬರೇ ಬರತೊಡಗಿದರು. ಹೋಟೆಲಿನಲ್ಲೋ ಮನೆಯಲ್ಲೋ ಎರಡು ವಾರ ಒಬ್ಬರೇ ಇದ್ದು, ಹೊರಬಂದು, ಕೊಂಬಿನಿ ಅಂಗಡಿಯ ಮುಂದೆ ಸಿಕ್ಕಿ ಕಥೆ ಹೇಳತೊಡಗಿದರು. ನನ್ನ ಗೆಳೆಯನಿಗೆ ಮಾತ್ರ ಮೊದಲು ವಿಮಾನ ಸಿಗಲಿಲ್ಲ. ಸಿಕ್ಕಾಗ ಪರೀಕ್ಷೆಯ ಕಾಗದ ಸರಿಹೋಗಲಿಲ್ಲ. ಅದು ಸರಿಹೋದಾಗ ಮಾವನಿಗೆ ಮಂಡಿನೋವು ಬಂದಿತು.

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಅವನ ಕರೆ ಬಂದಾಗ ಬಿಳಿ ಗೋಡೆಯ ಜಾಗದಲ್ಲಿ ಆಕಾಶವಿತ್ತು. ಅವರಲ್ಲಿ ಕರೆಂಟು ಹೋಗಿ, ಅವನು ಸಿಗ್ನಲ್ ಹುಡುಕುತ್ತ ಹಿತ್ತಲಿಗೆ ಬಂದಿದ್ದ. ಅವನ ಹಿಂದೆ ಒಂದು ಮರ. ಮೊದಲು ನನಗೆ ಹೊಳೆಯಲಿಲ್ಲ. ಆಮೇಲೆ ಎಲೆಗಳನ್ನು ನೋಡಿದೆ. ಮಾಳಿಗೆಯೆತ್ತರದ ಕರಿಬೇವಿನ ಮರ, ಕಪ್ಪು ಹಣ್ಣುಗಳ ಗೊಂಚಲು, ಮೇಲೆಲ್ಲೋ ಕಾಗೆಗಳ ಜಗಳ.

"ಮಾವನ ಮನೇದಾ?" ಎಂದೆ.

"ಹಾಂ... ಹೂಂ, ಇಲ್ಲೇದು," ಎಂದ. ಫೋನು ತಿರುಗಿ ನೆಲ ಕಂಡಿತು. ಸಿಗ್ನಲ್ ಹೋಯಿತು, ಅಥವಾ ಅವನೇ ಕಳಿಸಿಕೊಟ್ಟ.

ಮಗಳು ಪಕ್ಕದಲ್ಲೇ ಮಲಗಿ ಗೇಮ್ ಆಡುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ದಟ್ಸ್ ದೇರ್ ನ್ಯೂ ಹೌಸ್, ಅಪ್ಪಾ. ಆ ಟ್ರೀ ಇದೆ ಅಂತಾನೇ ಆಂಟಿ ಆ ಹೌಸ್ ಲೈಕ್ ಮಾಡಿದ್ದು."

"ಯಾವ ನ್ಯೂ ಹೌಸ್?"

ಅವಳು ಆಟ ನಿಲ್ಲಿಸಿದಳು. ಗೆಳೆಯನ ಮಗಳೂ ಇವಳೂ ಅದೇ ಆಟವನ್ನು ದಿನವೂ ಒಟ್ಟಿಗೆ ಆಡುತ್ತಿದ್ದರು. ಎಂಟು ತಿಂಗಳಿಂದಲೂ. "ಶೀ ಗೋಸ್ ಟು ಸ್ಕೂಲ್ ದೇರ್," ಎಂದಳು ನಿಧಾನವಾಗಿ. "ಅಂಕಲ್ ಕಂಪನಿ ಬಿಟ್ರಲ್ಲಾ, ಬಿಫೋರ್ ಗೋಯಿಂಗ್. ಗೊತ್ತಿರ್ಲಿಲ್ವಾ? ಅಮ್ಮ ನೋಸ್." ಆಮೇಲೆ, ಪರಿಸ್ಥಿತಿಯನ್ನು ಅಳೆದು, "ಗೊಮೆನ್, ಅಪ್ಪಾ," ಎಂದು ಜಪಾನಿಯಲ್ಲಿ ಕ್ಷಮೆ ಕೇಳಿ ಕೋಣೆ ಬಿಟ್ಟಳು.

ಅಡುಗೆಮನೆಗೆ ಹೋದೆ. ಹೆಂಡತಿ ನನ್ನ ಮುಖ ನೋಡಿದ್ದೇ ಒಲೆ ಸಣ್ಣ ಮಾಡಿದಳು.

"ನಿನಗೆ ಯಾವಾಗಿಂದ ಗೊತ್ತು?"

"ಹೊರಡೋ ಹಿಂದಿನ ದಿನ ಅವರ ಹೆಂಡತಿ ಹೇಳಿದ್ಲು. ತಮ್ಮನೆಯವರೇ ಹೇಳ್ತಾರಂತೆ, ನೀವು ಬಾಯಿ ಬಿಡಬೇಡಿ ಅಂದ್ಲು. ಆಣೆ ಬೇರೆ ಹಾಕ್ಸಿದ್ಲು."

"ಟ್ರಾನ್ಸ್‌ಫಾರ್ಮರ್ ಬಿಟ್ಟಿದಾನೆ ಅಂದಾಗ್ಲೂ ಸುಮ್ಮನಿದ್ದೆಯಲ್ಲೇ?"

"ಏನು ಹೇಳ್ಲಿ? ನೀವು ಅಷ್ಟು ಖುಷಿಯಾಗಿ ಹೇಳಿದ್ರಿ."

"ದೊಡ್ಡ ಗಿಡ ಕೊಯ್ದಾಗ?"

ಅವಳು ಒಲೆ ಆರಿಸಿದಳು. "ಅವತ್ತು ಹೇಳೋಣ ಅಂತಾನೇ ಬಂದೆ. ಬಚ್ಚಲ ಬಾಗಿಲು ತೆಗೆದಾಗ ಆಗ್ಲೇ ಮುಗಿದಿತ್ತು. ಆಮೇಲೆ ಹೇಳಿ ಏನು ಪ್ರಯೋಜನ? ಆ ಗಿಡಗಳನ್ನ ನೋಡ್ಕೊಳ್ಳೋದೊಂದೇ ನಿಮಗೆ ಕೆಲಸ ಅಂತ ಅನ್ಸ್ತಿತ್ತು, ಆ ದಿನಗಳಲ್ಲಿ. ಅದನ್ನೂ ಕಿತ್ಕೊಳ್ಳೋದಾ?"

ಚಾಪೆ ಕೋಣೆಗೆ ಹಿಂದಿರುಗಿ ಕುಳಿತೆ. ಹಾಗಾದರೆ ಹೆಂಡತಿಗೆ ಗೊತ್ತಿತ್ತು. ಮಗಳಿಗೆ ಗೊತ್ತಿತ್ತು. ಮೆಟ್ಟಿಲಿಳಿದು ಓಡಿದವನಿಗೆ ಗೊತ್ತಿತ್ತು. ಬಹುಶಃ ಬಾಗಿಲಿಗೆ ಬಂದು ಚೀಲ ಬಿಚ್ಚಿಕೊಂಡವರಿಗೆಲ್ಲ ಗೊತ್ತಿತ್ತು. ಯೋಕೋಹಾಮಾದ ಸಮಸ್ತ ಕನ್ನಡಿಗರಲ್ಲಿ ಗೊತ್ತಿಲ್ಲದಿದ್ದವನು ಗುಡಾರದ ಪಕ್ಕದಲ್ಲಿ ಕುಳಿತವನೊಬ್ಬನೇ.

ಜಪಾನ್ ಬಿಟ್ಟಿದ್ದಕ್ಕೆ ನನಗೆ ಕೋಪವಿರಲಿಲ್ಲ. ಎಲ್ಲರೂ ಬಿಡುತ್ತಾರೆ. ಬಿಡುವವರಿಗೆ ಒಂದು ವಿಧಿಯಿದೆ, ಅದನ್ನು ನನಗೆ ಅವನು ಮಾಡಲಿಲ್ಲ. ಬೇಳೆ ಹಂಚಲಿಲ್ಲ, ಕುಂಡ ಎತ್ತಿ ಕೈಗಿಡಲಿಲ್ಲ, "ಇನ್ನು ಇದು ನಿಂದು" ಎನ್ನಲಿಲ್ಲ. ಆ ಒಂದು ಮಾತು ಆಡಿದ್ದರೆ ಜೂನಿನಲ್ಲಿ ಎರಡು ಮರಿಗಳನ್ನು ಕಿತ್ತು, ತಾಯಿಯನ್ನು ಉಳಿಸಿಕೊಳ್ಳುತ್ತಿದ್ದೆ. ತಾನಿನ್ನೆಂದೂ ಬಂದು ನೋಡಲಾರದ ಗಿಡಗಳನ್ನು ಕಡಿಯಬೇಡವೆಂದ. ನನ್ನದನ್ನು ಕಡಿ ಎಂದ. ಆ ಹೊತ್ತಿಗೆ ಅವನ ಹಿತ್ತಲಲ್ಲಿ ಕಾಗೆಗಳು ಸಂಸಾರ ಹೂಡುವಷ್ಟು ಕರಿಬೇವಿತ್ತು.

ಮರುದಿನ ನಾನೇ ಕರೆ ಮಾಡಿದೆ. ಅವನು ಮತ್ತೆ ಗೋಡೆಯ ಮುಂದಿದ್ದ.

"ಗಿಡ ಹೇಗಿದಾವೆ?" ಎಂದ ಮಾಮೂಲಿನಂತೆ.

"ಚೆನ್ನಾಗಿದಾವೆ. ಒಂದು ವಿಷಯ ಕೇಳಬೇಕಿತ್ತು. ನಿನ್ನ ಟ್ರಾನ್ಸ್‌ಫಾರ್ಮರ್ ಏನು ಮಾಡ್ಲಿ?"

ಅವನ ಹಿಂದೆ ಎಲ್ಲೋ ಮಿಕ್ಸಿ ಓಡುವ ಸದ್ದು ಕೇಳುತ್ತಿತ್ತು. ರಿಪೇರಿ ಚೆನ್ನಾಗಿ ಆಗಿತ್ತು, ಅಥವಾ ಕೆಟ್ಟೇ ಇರಲಿಲ್ಲ.

"ಇಟ್ಕೋ ಮಾರಾಯ," ಎಂದ ಕಡೆಗೆ. ದನಿ ರೈಲಿನಲ್ಲಿ ಇರುತ್ತಿದ್ದಷ್ಟೇ ತಗ್ಗಿತ್ತು. "ಹೇಳ್ಬೇಕು ಅಂತಾನೇ ಅವತ್ತು ನಿಮ್ಮನೆ ಬಾಗಿಲಿಗೆ ಬಂದಿದ್ದು ಕಣೋ. ನೀನು ಚಪ್ಪಲಿ ಹಾಕ್ಕೊಂಡು ನಿಂತಿದ್ದೆ, ಏರ್‌ಪೋರ್ಟ್ ಬಸ್ಸಿನ ತನಕ ಬರ್ತೀನಿ ಅಂತ. ಬಾಯಿ ಬರ್ಲಿಲ್ಲ. ಆಮೇಲೆ ಬಾರ್ಡರ್ ಮುಚ್ಚಿದ್ರು. ಅದು ಒಂದು ಅನುಕೂಲ ಆಗ್ಹೋಯ್ತು."

"ಮತ್ತೆ ನನ್ನ ಗಿಡ ಕಡಿ ಅಂದಿದ್ದು?"

"ನನ್ನವನ್ನ ಕಡಿ ಅಂದಿದ್ರೆ ನಿಂಗೆ ಗೊತ್ತಾಗ್ಬಿಡ್ತಿತ್ತಲ್ಲ."

ಅದು ನಿಜ. ಗೊತ್ತಾಗುತ್ತಿತ್ತು. ಅವನು ನನ್ನನ್ನು ಅಷ್ಟರಮಟ್ಟಿಗೆ ಬಲ್ಲ. ಒಳ್ಳೆಯದಾಗಲಿ ಎಂದು ಹೇಳಿ ಫೋನಿಟ್ಟೆ. ಗಿಡಗಳ ಬಗ್ಗೆ ಅವನೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟ್ರಾನ್ಸ್‌ಫಾರ್ಮರ್ ಕೊಟ್ಟ, ಗಿಡಗಳನ್ನು ಕೊಡುವ ಮಾತು ಆಗಲೂ ಬರಲಿಲ್ಲ.

ಗುಡಾರದ ಜಿಪ್ಪು ಎಳೆದೆ. ದ್ವಾದಶಿಯೋ ಅಲ್ಲವೋ ನೋಡಲಿಲ್ಲ. ಅವನು ಮೆಚ್ಚುತ್ತಿದ್ದ ಆ ಮೂರನೆಯ ಗಿಡದ ದಾರ ಬಿಚ್ಚಿ, ನಡುವಿನ ಕುಡಿಯನ್ನು ಬೆರಳ ನಡುವೆ ಹಿಡಿದು, ತಲೆ ಕತ್ತರಿಸಿದೆ. ಆಮೇಲೆ ಉಳಿದ ನಾಲ್ಕರದ್ದೂ. ಒಪ್ಪಿಸಿದ ಗಿಡಕ್ಕೆ ಅಪ್ಪಣೆಯಿಲ್ಲದೆ ಕತ್ತರಿ ಹಾಕಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ತುಳಸಿ ಮೂಲೆಯಲ್ಲಿ ಸಾಕ್ಷಿಯಾಗಿ ನಿಂತಿತ್ತು. ಕತ್ತರಿಸಿದ ಕುಡಿಗಳಿಂದ ಹೆಂಡತಿ ಚಟ್ನಿ ಮಾಡಿದಳು, ಅವನ ಟ್ರಾನ್ಸ್‌ಫಾರ್ಮರಿನ ಮೇಲೆ. ಕಹಿಯಾಗಿರಬಹುದೆಂದು ಆಸೆಯಿತ್ತು. ಇರಲಿಲ್ಲ. ಎಲ್ಲರೂ ಎರಡು ಸಲ ಬಡಿಸಿಕೊಂಡೆವು.

ಸೇಡು ತೀರಿಸಿಕೊಂಡ ಸಮಾಧಾನ ಕೆಲವು ವಾರ ಬಾಳಿತು. ಆಮೇಲೆ ಒಂದು ಬೆಳಿಗ್ಗೆ, ಆರತಿಗೆ ಫ್ಯಾನು ನಿಲ್ಲಿಸಲು ಹೋದಾಗ ನೋಡಿದೆ. ಗಡ್ಡದ ಗುರುಗಳು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಕೊಯ್ದ ಪ್ರತಿ ತಲೆಯ ಜಾಗದಲ್ಲಿ ಎರಡು ತಲೆಗಳು ಎದ್ದಿದ್ದವು, ಎಳೆಗೆಂಪು, ಎಣ್ಣೆ ಹಚ್ಚಿದಂತೆ ಮಿರುಗುತ್ತ. ಗುಡಾರದಲ್ಲಿ ಮತ್ತೆ ಜಾಗ ಸಾಲದಾಗಿತ್ತು.

ದಾರದ ಉಂಡೆ ಹುಡುಕಿ ತಂದು, ಮಂಡಿಯೂರಿ ಕುಳಿತು, ಒಂದೊಂದನ್ನೇ ಬಾಗಿಸಿ ಕಟ್ಟತೊಡಗಿದೆ. ದೀಪ ಹಿಡಿದು ನಿಂತಿದ್ದ ಹೆಂಡತಿ, "ಯಾರಿಗೋಸ್ಕರ ರೀ ಇನ್ನೂ?" ಎಂದಳು.

"ನೋಡ್ಕೋ ಅಂದಿದಾನಲ್ಲ," ಎಂದೆ. "ಬೇಡ ಅಂತ ಇನ್ನೂ ಹೇಳಿಲ್ಲ."